ಸೀಟಿನಣ್ಣನ ಬ್ರಷ್ಷು

ಹೋದ ವಾರ ನಮ್ಮ ಪಕ್ಕದ ಫ್ಲಾಟಿನ ಹುಡುಗಿ ಹೊಸ ಕಾರು ತಂದಳು. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಅಪ್ಪಚ್ಚಿಯಾಗಿ, ಪೇಢೆ ಹಂಚಿ ಮುಗಿದ ಮೇಲೆ, "ಆಂಟಿ, ಆಪ್ ಭೀ ಬೈಠೋ ನಾ, ಒಂದ್ಸಲ ಕೂತು ನೋಡಿ" ಎಂದು ಮುಂದಿನ ಬಾಗಿಲು ತೆಗೆದಳು. ಕೂತೆ. ಕೂತದ್ದೇ ತಡ, ಬಲಗೈ ತಾನಾಗಿ ಸೀಟಿನ ಮೇಲೆ ಹೋಯಿತು. ಜಿಂಕೆಯ ತೊಗಲಿನಂತೆ ಮೆತ್ತಗೆ, ಆದರೆ ಯಾವ ಪ್ರಾಣಿಯ ಮೈಯಿಂದಲೂ ಬಂದದ್ದಲ್ಲದ, ಮಷೀನಿನಲ್ಲಿ ಹುಟ್ಟಿದ ಬಟ್ಟೆ. ಅಂಗೈಯಿಂದ ಮೇಲಕ್ಕೆ ಸವರಿದೆ, ಗಾಢವಾದ ಒಂದು ಪಟ್ಟೆ ಮೂಡಿತು. ಕೆಳಕ್ಕೆ ಸವರಿದೆ, ಅಳಿಸಿಹೋಯಿತು. ಮತ್ತೆ ಮೇಲಕ್ಕೆ... ಹುಡುಗಿ ಪಕ್ಕದಲ್ಲಿ ಏರ್‌ಬ್ಯಾಗು, ಕ್ಯಾಮೆರಾ ಅಂತ ಏನೇನೋ ಹೇಳುತ್ತಿದ್ದಳು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ನಾನು ಆಂಟಾಪ್ ಹಿಲ್‌ನ ನಮ್ಮ ಹಳೆಯ ಕ್ವಾರ್ಟರ್ಸಿನ ನೆಲದ ಮೇಲೆ ಮಂಡಿಯೂರಿ ಕೂತಿದ್ದೆ. ಕೈಯಲ್ಲಿ ಕತ್ತರಿ ಇತ್ತು.

ಅವರನ್ನು ಇಡೀ ಕಾಲೊನಿ ಸೀಟ್‌ವಾಲಾ ಎಂದೇ ಕರೆಯುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಸೀಟಿನಣ್ಣ. ಗದಗದ ಕಡೆಯವರು. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಬಿಲ್ಡಿಂಗಿನ ಗೇಟಿನಾಚೆ, ವಡಾಲ ಸ್ಟೇಷನ್ನಿನ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನೀಲಿ ತಾಡಪತ್ರಿಯೊಂದನ್ನು ಗೋಡೆಗೆ ಕಟ್ಟಿಕೊಂಡು, ಅದರಡಿಯಲ್ಲಿ ಟ್ಯಾಕ್ಸಿಗಳ ಸೀಟು ಹೊಲಿಯುತ್ತಿದ್ದರು. ರೆಕ್ಸಿನ್ನು, ತೆಂಗಿನ ನಾರು, ಹಳೆಯ ಸ್ಪ್ರಿಂಗು, ಗೋಂದಿನ ಡಬ್ಬ. ಮಳೆಗಾಲ ಬಂದರೆ ನಾಲ್ಕು ತಿಂಗಳು ಹೊಲಿಗೆ ಮಷೀನಿಗೆ ತಾಡಪತ್ರಿ, ಅವರಿಗೆ ಮಳೆ. ತಲೆಯ ಮೇಲೊಂದು ಸೂರು ಇರುವ, ಗೋಡೆ ಇರುವ ಒಂದು ಮೂಲೆ ಸಿಕ್ಕರೆ ಸಾಕು ಎನ್ನುವುದೊಂದೇ ಅವರ ಆಸೆ. ಅದನ್ನು ಅವರು ಯಾರ ಮುಂದೆಯೂ ಗೋಗರೆದವರಲ್ಲ. ಮಳೆ ನಿಂತ ಮೇಲೆ ಮಷೀನಿನ ತುಕ್ಕನ್ನು ಎಣ್ಣೆಬಟ್ಟೆಯಿಂದ ಒರೆಸುವಾಗ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನನಗೂ ಅವರಿಗೂ ನಂಟು ಬೆಳೆದದ್ದು ಹೊಲಿಗೆಯಿಂದ. ನಾನಾಗ ಮೈಸೂರಿನಿಂದ ಮದುವೆಯಾಗಿ ಬಂದು ಐದಾರು ವರ್ಷ. ಗಂಡ ಸರ್ಕಾರಿ ಆಫೀಸಿಗೆ, ನಾನು ಮನೆಯಲ್ಲಿ ಕೂತು ಅಕ್ಕಪಕ್ಕದವರಿಗೆ ಬ್ಲೌಸು ಹೊಲಿಯುವುದು. ನನ್ನ ಕತ್ತರಿಯ ಬಗ್ಗೆ ನನಗೆ ಇನ್ನಿಲ್ಲದ ಜಂಬವಿತ್ತು. ಬೇರೆಯವರಿಗೆ ಸಾಲದ ಬಟ್ಟೆಯಲ್ಲಿ ನಾನು ಬ್ಲೌಸು ತೆಗೆದು, ಮೇಲೆ ಒಂದು ಬಾಲವಾಡಿ ಮಗುವಿಗೆ ಟೊಪ್ಪಿಗೆಯನ್ನೂ ಹೊಲಿದು ತೋರಿಸುತ್ತಿದ್ದೆ. ತೋಳಿನ ತುಂಡುಗಳನ್ನು ಒಂದು ಮೇಲ್ಮುಖ, ಒಂದು ಕೆಳಮುಖ ಇಟ್ಟು ಕತ್ತರಿಸಿದರೆ ಎಷ್ಟು ಬಟ್ಟೆ ಉಳಿಯುತ್ತದೆ ಎನ್ನುವುದು ನಮ್ಮಂಥ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ದಿನ ಸೀಟಿನಣ್ಣ ನಮ್ಮ ಬಾಗಿಲಿಗೆ ಬಂದರು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟು, ಹೊಸ್ತಿಲಾಚೆ ನಿಂತು, ಬಹಳ ಸಂಕೋಚದಿಂದ ಕೇಳಿದರು.

"ಅಕ್ಕಾರ, ನಿಮ್ಮ ಮನಿ ನೆಲಾ ಮೂರು ದಿನಾ ಕೊಡ್ತೀರೇನ್ರಿ?"

ನೆಲವನ್ನು ಕೇಳಿಕೊಂಡು ಬಂದವರನ್ನು ನಾನು ಅದೇ ಮೊದಲು ನೋಡಿದ್ದು. ವಿಷಯ ಇಷ್ಟು. ಮಾಟುಂಗದ ಫೈವ್ ಗಾರ್ಡನ್ಸ್ ಹತ್ತಿರ ಹಡಗಿನ ಕ್ಯಾಪ್ಟನ್ ಒಬ್ಬರಿದ್ದರು, ಮಂಗಳೂರಿನ ಕಡೆಯವರು, ಆಗಷ್ಟೇ ನಿವೃತ್ತರಾಗಿದ್ದರು. ಕಡೆಯ ಪ್ರಯಾಣದಲ್ಲಿ ಜಪಾನಿನಿಂದ ಕಾರಿನ ಸೀಟಿಗೆಂದು ಇಂಥದೇ ತೊಗಲಿನಂಥ ಸ್ವೀಡ್ ಬಟ್ಟೆಯನ್ನು ತಂದಿದ್ದರು. ಅಳೆದು ಒಂದು ಕಾರಿಗೆ ಆಗುವಷ್ಟು, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಮುಂಬಯಿಯಲ್ಲಿ ಅದು ಎಲ್ಲೂ ಸಿಗುತ್ತಿರಲಿಲ್ಲ, ಕ್ಯಾಪ್ಟನ್ನರು ಇನ್ನು ಹಡಗು ಹತ್ತುವವರೂ ಅಲ್ಲ. ದೊಡ್ಡ ದೊಡ್ಡ ಅಂಗಡಿಯವರನ್ನೆಲ್ಲ ಬಿಟ್ಟು, ಯಾರೋ ಟ್ಯಾಕ್ಸಿಯವನ ಮಾತು ಕೇಳಿ, ಸೀಟಿನಣ್ಣನ ಕೈ ನೋಡಿ ಕೆಲಸ ಕೊಟ್ಟಿದ್ದರು. ಮಾಟುಂಗದಲ್ಲಿ ಅವರ ಸ್ನೇಹಿತರದೊಂದು ಗ್ಯಾರೇಜಿತ್ತು. ಸೀಟು ಮನಸ್ಸಿಗೆ ಬಂದರೆ ಆ ಗ್ಯಾರೇಜಿನ ಒಂದು ಮೂಲೆಯನ್ನು ಕೊಡಿಸುವುದಾಗಿ ಮಾತು ಕೊಟ್ಟಿದ್ದರು. ತಗಡಿನ ಸೂರು, ಮೂರು ಕಡೆ ಗೋಡೆ, ಲೈಟು.

ಹಾಲು ಹೆಚ್ಚಾದ ಕಾಫಿಯ ಬಣ್ಣದ ಆ ಬಟ್ಟೆಯನ್ನು ಫುಟ್‌ಪಾತಿನ ಮೇಲೆ ಹಾಸಲು ಬರುತ್ತದೆಯೇ? ಅದಕ್ಕೇ ನಮ್ಮ ಮೊಸಾಯಿಕ್ ನೆಲ. ನಾನು ಎರಡು ಸಲ ಒರೆಸಿ, ಬಾಗಿಲು ಪೂರ್ತಿ ತೆರೆದಿಟ್ಟು, ಬನ್ನಿ ಅಂದೆ.

ಅವರು ಕೆಲಸ ಮಾಡುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ ಎಂದರೆ ತಪ್ಪಿಲ್ಲ. ಬಟ್ಟೆ ಹಾಸಿದ ಮೇಲೆ ಅವರು ಅರ್ಧ ಗಂಟೆ ಏನೂ ಮಾಡಲಿಲ್ಲ. ಕಣ್ಣು ಮುಚ್ಚಿ, ಕೈಯ ಹಿಂಬದಿಯಿಂದ ಅದನ್ನು ಸವರುತ್ತಾ ಕೂತರು. ಬೆಕ್ಕಿನ ಮೈಯಂತೆ ಆ ಬಟ್ಟೆಗೂ ಒಂದು ಕಡೆಗೆ ಮಲಗಿದ ನವಿರು ಇರುತ್ತದಂತೆ. ಆ ಕಡೆಗೆ ಸವರಿದರೆ ನುಣುಪು, ತಿಳಿಬಣ್ಣ. ಎದುರು ಸವರಿದರೆ ಒರಟು, ಗಾಢ. ಇಳಿಯುವಾಗ ಮನುಷ್ಯರು ಸೀಟಿನ ಮೇಲೆ ಮೈ ಜಾರಿಸಿಕೊಂಡೇ ಇಳಿಯುತ್ತಾರೆ, ನವಿರು ಆ ಕಡೆಗೇ ಮಲಗಿದ್ದರೆ ಬಟ್ಟೆ ಇಪ್ಪತ್ತು ವರ್ಷ ಸವೆಯುವುದಿಲ್ಲ, ಎದುರಾಗಿದ್ದರೆ ಎರಡೇ ವರ್ಷಕ್ಕೆ ಗಂಟು ಕಟ್ಟುತ್ತದೆ ಎಂದರು. ಈ ಬಟ್ಟೆಯಲ್ಲಿ ಅವರು ಒಂದು ಸೀಟನ್ನೂ ಹೊಲಿದವರಲ್ಲ. ಎಲ್ಲಿ ಕಲಿತಿರಿ ಎಂದರೆ, ಬಟ್ಟೆಯೇ ಹೇಳುತ್ತಿದೆಯಲ್ಲ ಎಂದು ನಕ್ಕರು.

ಅದರ ಆರೈಕೆಯನ್ನೂ ಅವರು ಕೈಯಿಂದಲೇ ಕಂಡುಕೊಂಡಿದ್ದರು. ಅಂಚಿನ ಒಂದು ಚೂರಿನ ಮೇಲೆ ಕಾಫಿ ಚೆಲ್ಲಿ, ತೆಂಗಿನೆಣ್ಣೆ ಸವರಿ, ಬೆವರಿದ ಕೈ ಒತ್ತಿ ನೋಡಿದ್ದರು. ಚೆಲ್ಲಿದ್ದನ್ನು ಉಜ್ಜಬಾರದು, ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಬೇಕು. ನೀರು ಸುರಿಯಬಾರದು, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ತಲೆಗೆಣ್ಣೆಯ ಕಲೆಗೆ ಮುಖದ ಪೌಡರು ಉದುರಿಸಿ ಒಂದು ಹಗಲು ಬಿಡಬೇಕು. ಟ್ಯಾಕ್ಸಿಯವರು ರೆಕ್ಸಿನ್ನಿಗೆ ಹಚ್ಚುವ ಪಾಲಿಷನ್ನು ಹತ್ತಿರವೂ ಸೇರಿಸಬಾರದು. ಬಿಸಿಲಲ್ಲಿ ಒಣಗಿಸಬಾರದು. ಎಲ್ಲ ಆದ ಮೇಲೆ ಬ್ರಷ್ಷು, ಒಂದೇ ಕಡೆಗೆ. ಆ ಬ್ರಷ್ಷನ್ನು ಅವರು ಚೋರ್ ಬಜಾರಿನಲ್ಲಿ ಹುಡುಕಿ ತಂದಿದ್ದರು. ಯಾವುದೋ ಕಾಲದ ದೊರೆಯ ಕೋಟು ಉಜ್ಜಿದ, ಮೆತ್ತನೆ ಕೂದಲಿನ, ಮರದ ಹಿಡಿಯ ಬ್ರಷ್ಷು.

ಎರಡು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಹಳೆಯ ಪೇಪರಿನಲ್ಲಿ ಸೀಟಿನ ಅಳತೆಗಳನ್ನು ಕತ್ತರಿಸಿಕೊಂಡು, ಪ್ರತಿಯೊಂದರ ಮೇಲೂ ಪೆನ್ಸಿಲಿನಿಂದ ಒಂದು ಬಾಣದ ಗುರುತು ಹಾಕಿ, ಬಟ್ಟೆಯ ಮೇಲಿಟ್ಟು ಕತ್ತರಿಸುತ್ತಾ ಬಂದರು. ಮೂರನೆಯ ದಿನ ಎರಡೇ ತುಂಡು ಬಾಕಿ. ಮಧ್ಯಾಹ್ನ ವಡಾಲದಿಂದ ಫೋಮು ತರಬೇಕೆಂದು ಹೊರಟರು. ಹೊರಡುವಾಗ ಬಾಗಿಲಲ್ಲಿ ನಿಂತು, "ನಾ ಬರೂತನಕ ಬಟ್ಟಿಗೆ ಕೈ ಹಚ್ಚಬ್ಯಾಡ್ರಿ ಅಕ್ಕಾರ" ಎಂದರು.

ನಾನೇನು ಮಗುವೇ ಎಂದು ಒಳಗೊಳಗೇ ಸಿಡುಕಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಪೇಪರು ಇಟ್ಟ ರೀತಿಯನ್ನು ನೋಡಿದರೆ ಮೈ ಉರಿಯಿತು. ಮೇಲೆ ಅಗಲ, ಕೆಳಗೆ ಕಿರಿದು ಇದ್ದ ಎರಡು ಅಳತೆಗಳನ್ನು ಎರಡೂ ಒಂದೇ ಮುಖವಾಗಿ ಇಟ್ಟಿದ್ದರು. ನಡುವೆ ಸುಮ್ಮಸುಮ್ಮನೆ ಬಟ್ಟೆ ಹಾಳು. ಒಂದನ್ನು ತಿರುಗಿಸಿಟ್ಟರೆ ಅರ್ಧ ಮೊಳ ಉಳಿಯುತ್ತದೆ! ಗಂಡಸರಿಗೆ ಬಟ್ಟೆ ಉಳಿಸುವುದು ಎಲ್ಲಿ ಗೊತ್ತಾಗಬೇಕು. ಬಾಣದ ಗುರುತು ಸೀಟಿನ ಮೇಲ್ಭಾಗ ತೋರಿಸುವುದಕ್ಕೆ ಎಂದುಕೊಂಡೆ. ಬಂದು ನೋಡಿ ಬೆರಗಾಗಲಿ ಎಂದು ಅಳತೆಯನ್ನು ತಿರುಗಿಸಿಟ್ಟು, ಕತ್ತರಿ ಆಡಿಸಿಯೇಬಿಟ್ಟೆ. ಅಂಚು ಎಷ್ಟು ನೇರ ಬಂತೆಂದರೆ, ನನಗೇ ಒಂದು ಚಪ್ಪಾಳೆ ತಟ್ಟಿಕೊಳ್ಳೋಣ ಅನ್ನಿಸಿತು.

ಅವರು ಬಂದರು. ಉಳಿಸಿದ ಅರ್ಧ ಮೊಳವನ್ನು ನಾನು ಎತ್ತಿ ಹಿಡಿದು ತೋರಿಸಿದೆ. ಅವರು ಅದನ್ನು ನೋಡಲಿಲ್ಲ. ಎರಡು ತುಂಡುಗಳನ್ನೂ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಹಿಡಿದರು. ಒಂದು ಹಾಲು ಹೆಚ್ಚಾದ ಕಾಫಿ, ಇನ್ನೊಂದು ಡಿಕಾಕ್ಷನ್ನು. ಒಂದೇ ಥಾನಿನ ಒಂದೇ ಬಟ್ಟೆ, ಎರಡು ಬಣ್ಣ... ಬಾಣ ನವಿರಿನ ದಿಕ್ಕಿಗೆ ಎಂದು ಆಗ ನನಗೆ ಹೊಳೆಯಿತು. ಮತ್ತೆ ಕತ್ತರಿಸೋಣವೆಂದರೆ ಬೇಕಾದದ್ದು ಒಂದೂವರೆ ಮೊಳ, ನಾನು ಉಳಿಸಿದ್ದು ಅರ್ಧ. ತಿರುಗಿಸಿ ಹೊಲಿಯೋಣವೆಂದರೆ ಅಗಲದ ಕಡೆ ಕೆಳಕ್ಕೆ ಬರುತ್ತದೆ.

ಗ್ಯಾರೇಜಿನ ಮೂಲೆ ನನ್ನಿಂದ ಹೋಯಿತು ಎಂದು ನಾನು ಅಳುವುದಕ್ಕೇ ಶುರುಮಾಡಿದೆ. ಕ್ಯಾಪ್ಟನ್ನರ ಮನೆಗೆ ನಾನೇ ಬಂದು ಹೇಳುತ್ತೇನೆ, ತಪ್ಪು ನನ್ನದು ಅಂದೆ. ಸೀಟಿನಣ್ಣ ಆ ತುಂಡನ್ನು ನಾಲ್ಕು ಮಡಿಕೆ ಮಡಿಸಿ, ತಮ್ಮ ಚೀಲದಲ್ಲಿಟ್ಟುಕೊಂಡರು.

"ಅಳಬ್ಯಾಡ್ರಿ. ಕತ್ತರಿ ಯಾರದರ ಇರ್ಲಿ, ಕೆಲಸಾ ನಂದು. ಇದಕ್ಕ ನಾ ದಾರಿ ಮಾಡ್ತೀನಿ."

ಎರಡು ವಾರ ನನಗೆ ಅನ್ನ ಸೇರಲಿಲ್ಲ. ಆಮೇಲೊಂದು ಭಾನುವಾರ ಬೆಳಗ್ಗೆ ಅವರು ಬಂದು, ಕಾರು ಕೆಳಗೆ ನಿಂತಿದೆ, ಸಾಹೇಬರು ಭಾನುವಾರ ಮಾತ್ರ ಕಾರು ತೆಗೆಯುವುದು, ದೇವಸ್ಥಾನಕ್ಕೆ ಹೋಗುವ ಮುನ್ನ ಈ ಕಡೆ ಬಂದಿದ್ದಾರೆ, ನೋಡಬನ್ನಿ ಎಂದು ಕರೆದರು. ಓಡಿದೆ. ಮುಂದಿನ ಎರಡು ಸೀಟಿನ ಬೆನ್ನುಗಳನ್ನು ಈ ಕಡೆಯಿಂದ ನೋಡಿದೆ, ಆ ಕಡೆಯಿಂದ ನೋಡಿದೆ, ಬಗ್ಗಿ ನೋಡಿದೆ. ಒಂದೇ ಬಣ್ಣ! ನನ್ನ ತುಂಡು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಗ್ಯಾರೇಜಿನ ಮೂಲೆಯೂ ಅವರಿಗೆ ಸಿಕ್ಕಿತ್ತು. ಏನು ಮಾಯ ಮಾಡಿದಿರಿ ಎಂದು ನಾನು ಬಿಡದೆ ಪೀಡಿಸಿದೆ. ಅವರು ಹೇಳಿದ್ದಿಷ್ಟೆ:

"ಬಟ್ಟಿಗೂ ಬುದ್ಧಿ ಬರತೈತ್ರೀ ಅಕ್ಕಾರ. ತಿರುತಿರುಗಿ ಹೇಳಬೇಕಷ್ಟ."

ಏನೋ ಉಗಿ ಹಿಡಿದಿರಬೇಕು, ಏನೋ ಔಷಧಿ ಹಾಕಿರಬೇಕು, ಕಸುಬಿನ ಗುಟ್ಟು ಎಂದುಕೊಂಡೆ. ಆಮೇಲೆ ಆರು ವರ್ಷ ನಾನು ಈ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಾಟುಂಗದ ಕನ್ನಡ ಸಂಘದ ಹೆಂಗಸರ ಕೂಟದಲ್ಲಂತೂ, ನಾನು ಮಾಡಿದ ತಪ್ಪು ಹೇಗೆ ಮಾಯವಾಯಿತು ಎನ್ನುವುದನ್ನು ಅಭಿನಯ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದೆ.

ಸೀಟಿನಣ್ಣ ಈಗ ಸೂರಿನಡಿ ಹೊಲಿಯುತ್ತಿದ್ದರು. ಮಳೆಗಾಲದಲ್ಲಿ ತರಕಾರಿ ತರಲು ಮಾಟುಂಗಕ್ಕೆ ಹೋದಾಗ, ತಗಡಿನ ಮೇಲೆ ಮಳೆ ಬಾರಿಸುತ್ತಿದ್ದರೆ ಅದರ ಕೆಳಗೆ ಅವರ ಮಷೀನು ಓಡುವ ಸದ್ದು ಕೇಳುತ್ತಿತ್ತು. ಕೂಗಿ ಮಾತನಾಡಿಸುತ್ತಿದ್ದೆ. ಭಾನುವಾರ ನಸುಕಿನಲ್ಲಿ ಹಾಲಿಗೆಂದು ಇಳಿದಾಗ ಒಂದೆರಡು ಸಲ ಅವರು ಬಗಲಲ್ಲಿ ಒಂದು ಚೀಲ ಇಟ್ಟುಕೊಂಡು ಬಿರಬಿರನೆ ಮಾಟುಂಗದ ಕಡೆ ನಡೆಯುತ್ತಿದ್ದುದನ್ನು ಕಂಡದ್ದುಂಟು. ದೇವಸ್ಥಾನಕ್ಕಿರಬೇಕು ಎಂದುಕೊಂಡೆ... ಕೇಳಲೂ ಇಲ್ಲ.

ತೊಂಬತ್ತರ ದಶಕ ಶುರುವಾಗಿತ್ತು. ಒಂದು ಮಳೆಗಾಲದಲ್ಲಿ ಅವರಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿಯುವಷ್ಟರಲ್ಲಿ, ಹೋಗಿಬಿಟ್ಟರೆಂಬ ಸುದ್ದಿಯೂ ಬಂತು. ಅವರ ತಮ್ಮ ಬಂದು ದೇಹವನ್ನು ಊರಿಗೆ ಒಯ್ದನಂತೆ. ನನಗೆ ಮುಖ ನೋಡಲೂ ಸಿಗಲಿಲ್ಲ.

ಅದಾಗಿ ಮೂರು ವಾರಕ್ಕೆ, ಒಂದು ಭಾನುವಾರ ಬೆಳಗ್ಗೆ, ಕ್ಯಾಪ್ಟನ್ನರು ನಮ್ಮ ಮನೆಯ ಗಂಟೆ ಒತ್ತಿದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಆ ಮರದ ಹಿಡಿಯ ಬ್ರಷ್ಷಿತ್ತು. ಬಟ್ಟೆ ಕತ್ತರಿಸಿದ್ದು ನಿಮ್ಮ ಮನೆಯಲ್ಲಿ ಎಂದು ಅವನು ಹೇಳಿದ್ದ, ಅವನ ಕೆಲಸ ನೋಡಿದವರು ನೀವೊಬ್ಬರೇ, ಸ್ವಲ್ಪ ಕೆಳಗೆ ಬನ್ನಿ ಎಂದರು.

ಕಾರಿನ ಬಾಗಿಲು ತೆಗೆದರು. ಆರು ವರ್ಷದ ಸೀಟು ಹೊಲಿದು ತಂದ ದಿನದಷ್ಟೇ ಹೊಸದಾಗಿತ್ತು. ಒಂದು ಗಂಟಿಲ್ಲ, ಒಂದು ಸವಕಲಿಲ್ಲ, ಎಣ್ಣೆಯ ಒಂದು ಮಚ್ಚೆ ಇಲ್ಲ. ಆದರೆ ಎಡಗಡೆಯ ಮುಂದಿನ ಸೀಟಿನ ಬೆನ್ನು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ನಮ್ಮ ಮನೆಯ ಕಿಟಕಿಯ ಬೆಳಕಿಗೆ ಹಿಡಿದಾಗ ಹೇಗಿತ್ತೋ ಹಾಗೆಯೇ, ಸ್ವಲ್ಪವೂ ಹೆಚ್ಚುಕಮ್ಮಿಯಿಲ್ಲದೆ ನನ್ನ ತಪ್ಪು ಅಲ್ಲಿ ಕೂತಿತ್ತು.

"ಮೂರು ವಾರ ಆಯ್ತು ಅಮ್ಮ, ಅವ ಇಲ್ಲ. ನಾನೇ ಉಜ್ಜಿ ನೋಡಿದೆ, ನನ್ನ ಕೈಗೆ ಬರೂದಿಲ್ಲ. ಅವ ಹೇಗೆ ಮಾಡ್ತಿದ್ದ ಅಂತ ನಿಮಗೆ ಗೊತ್ತುಂಟಾ?"

ಅವರು ನಿಧಾನವಾಗಿ ಎಲ್ಲವನ್ನೂ ಹೇಳಿದರು. ಸೀಟು ಹೊಲಿಯುವ ಮೊದಲೇ ಸೀಟಿನಣ್ಣ ಆ ತುಂಡನ್ನು ಒಯ್ದು ಅವರ ಮುಂದಿಟ್ಟಿದ್ದರಂತೆ. ತಮ್ಮದೇ ಕೈ ತಪ್ಪಿತು, ಒಂದು ತುಂಡು ಎದುರು ನವಿರಿಗೆ ಬಂತು ಎಂದಿದ್ದರಂತೆ. ಇವರು ಬಾಯಿಗೆ ಬಂದಂತೆ ಕೂಗಾಡಿದರಂತೆ. ನೀವು ಕಾರು ಹತ್ತುವ ಯಾವ ಭಾನುವಾರವೂ ಅದು ನಿಮ್ಮ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಸೀಟಿನಣ್ಣ ಹೇಳಿದಾಗ, ಹಾಗಿದ್ದರೆ ಕಣ್ಣಿಗೆ ಬಿದ್ದ ದಿನ ಗ್ಯಾರೇಜಿನ ಮೂಲೆ ಖಾಲಿ ಮಾಡಬೇಕು ಎಂದು ಇವರು ಕರಾರು ಹಾಕಿದರಂತೆ. ಆವತ್ತಿನಿಂದ ಪ್ರತಿ ಭಾನುವಾರ ನಸುಕಿಗೆ ಸೀಟಿನಣ್ಣ ಹಾಜರು. ಆ ಒಂದು ತುಂಡಿನ ನವಿರನ್ನು ಅದರ ಸ್ವಭಾವಕ್ಕೆ ಎದುರಾಗಿ, ಉಳಿದ ತುಂಡುಗಳ ಕಡೆಗೇ, ಒದ್ದೆ ಬಟ್ಟೆ, ಬ್ರಷ್ಷು, ಮತ್ತೆ ಬಟ್ಟೆ, ಮತ್ತೆ ಬ್ರಷ್ಷು, ಮುಕ್ಕಾಲು ಗಂಟೆ ಮಲಗಿಸಿ ಹೋಗುತ್ತಿದ್ದರಂತೆ. ಕೈ ಹೇಗೂ ಒದ್ದೆಯಾಗಿದೆ ಎಂದು ಉಳಿದ ಸೀಟುಗಳನ್ನೂ. ಬ್ರಷ್ಷನ್ನು ಸೀಟಿನಣ್ಣ ಕಾರಿನ ಖಾನೆಯಲ್ಲೇ ಇಟ್ಟಿದ್ದರು. ಒಂದು ವರ್ಷ ಕಳೆದ ಮೇಲೆ ಕ್ಯಾಪ್ಟನ್ನರೇ ನಾಚಿಕೊಂಡು, ಸಾಕು ಮಾರಾಯ, ನಾನು ಅದನ್ನು ಬಿಟ್ಟೆ, ಮೂಲೆ ನಿನ್ನದೇ, ಇನ್ನು ಬರಬೇಡ ಎಂದರಂತೆ.

"ಅವ ಎಂತ ಹೇಳಿದ ಗೊತ್ತುಂಟಾ? ನೀವು ಬಿಟ್ರಿ ಸಾಹೇಬ್ರ, ಬಟ್ಟಿ ಬಿಟ್ಟಿಲ್ಲಲ್ರೀ ಅಂತ."

ಕ್ಯಾಪ್ಟನ್ನರು ಸೀಟಿನಣ್ಣನ ಧಾಟಿಯಲ್ಲೇ ಅದನ್ನು ಹೇಳಿದರು. ನಾನು ಕಾರಿನ ಬಾಗಿಲು ಹಿಡಿದು ನಿಂತೆ. ಆರು ವರ್ಷ. ಎಷ್ಟು ಭಾನುವಾರಗಳೋ... ಸೊಂಟದಷ್ಟು ನೀರು ನಿಂತು ಲೋಕಲ್ ರೈಲು ನಿಂತ ಭಾನುವಾರಗಳು, ಹಬ್ಬದ ಭಾನುವಾರಗಳು, ಮೈ ಹಳದಿಯಾಗುತ್ತಿದ್ದ ಕಡೆಯ ಭಾನುವಾರಗಳು. ಅಷ್ಟೂ ದಿನ ನಾನು ಸಂಘದಲ್ಲಿ ಅಭಿನಯ ಮಾಡಿ ನಗುತ್ತಿದ್ದೆ. ಇಂಥ ಮನುಷ್ಯ ನನ್ನ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದರು ಎನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಮೈಮೇಲೆ ಮುಳ್ಳು ಏಳುತ್ತದೆ.

ಕತ್ತರಿಸಿದ್ದು ನಾನು ಎಂದು ಹೇಳಿದೆ. ಕ್ಯಾಪ್ಟನ್ನರು ಬೈಯಲಿಲ್ಲ. ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು, ಅಷ್ಟೆ. ಅವತ್ತು ಅಲ್ಲೇ ಮೊಣಕಾಲೂರಿ ಉಜ್ಜಿದೆ. ಕೈ ಬಿದ್ದುಹೋಗುವಷ್ಟು ನೋವು. ಬಣ್ಣ ಅರ್ಧಂಬರ್ಧ ತಿಳಿಯಾಯಿತು. ಇನ್ನು ಮೇಲೆ ಪ್ರತಿ ಭಾನುವಾರ ನಾನು ಬರುತ್ತೇನೆ, ಸೀಟಿನಣ್ಣನ ಕೆಲಸ ನಿಲ್ಲುವುದಿಲ್ಲ ಎಂದು ಕಣ್ಣೊರೆಸಿಕೊಂಡು ಮಾತು ಕೊಟ್ಟೆ.

ನಾಲ್ಕು ಭಾನುವಾರ ಹೋದೆ. ಐದನೆಯದಕ್ಕೆ ಮನೆಗೆ ನೆಂಟರು ಬಂದರು. ಆರನೆಯದಕ್ಕೆ ಮಗನ ಪರೀಕ್ಷೆ. ಆಮೇಲೆ ಹೋಗಲು ನಾಚಿಕೆ, ಇಷ್ಟು ದಿನ ಬಿಟ್ಟು ಈಗ ಯಾವ ಮುಖದಲ್ಲಿ ಹೋಗುವುದು ಎಂದು. ಕ್ಯಾಪ್ಟನ್ನರು ಒಂದು ಮಾತೂ ಕೇಳಿ ಕಳಿಸಲಿಲ್ಲ. ಮಾಟುಂಗದಲ್ಲಿ ಒಮ್ಮೆ ಆ ಕಾರು ಪಕ್ಕದಲ್ಲೇ ಹಾದುಹೋಯಿತು. ಎಡಗಡೆಯ ಸೀಟು ಕಡು ಕಂದು. ನಾನು ತರಕಾರಿಯ ಚೀಲವನ್ನು ನೋಡುತ್ತಾ ನಿಂತೆ. ಗ್ಯಾರೇಜಿನ ಮೂಲೆಗೆ ಅಷ್ಟರಲ್ಲಿ ಕಾರ್ ಸ್ಟೀರಿಯೋ ಹಾಕುವವನೊಬ್ಬ ಬಂದಿದ್ದ.

"ಆಂಟಿ, ಈ ಸೀಟ್ ಕ್ಲೀನ್ ಹೇಗೆ ಮಾಡೋದು, ಮಾಲೂಮ್ ಹೈ ಕ್ಯಾ?" ಎಂದು ಪಕ್ಕದ ಫ್ಲಾಟಿನ ಹುಡುಗಿ ಕೇಳಿದಾಗ ಎಚ್ಚರವಾಯಿತು. ಗೊತ್ತು ಅಂದೆ. ಒತ್ತಬೇಕು, ಉಜ್ಜಬಾರದು, ಪೌಡರು, ಹಿಂಡಿದ ಬಟ್ಟೆ... ಎಲ್ಲ ಹೇಳಿದೆ. ಹೇಳುವಾಗ ಕಣ್ಣು ಸೀಟಿನಿಂದ ಸೀಟಿಗೆ ಓಡುತ್ತಿತ್ತು. ಕಾರ್ಖಾನೆಯವರು ಎಲ್ಲ ತುಂಡುಗಳನ್ನೂ ಒಂದೇ ಮುಖವಾಗಿ ಕತ್ತರಿಸಿದ್ದರು. ಒಂದಾದರೂ ಎದುರು ನವಿರಿನದು ಇದ್ದೀತೇ ಎಂದು ಹುಡುಕಿದೆ. ಇರಲಿಲ್ಲ.

ಮನೆಗೆ ಬಂದು, ಹೊಲಿಗೆ ಮಷೀನಿನ ಡ್ರಾಯರಿನಿಂದ ಆ ಬ್ರಷ್ಷನ್ನು ತೆಗೆದೆ. ಹುಡುಗಿಗೆ ಕೊಡೋಣ, ಉಪಯೋಗಕ್ಕೆ ಬಂದೀತು ಎಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ನೋಡಿದರೆ, ಅದರ ಕೂದಲೆಲ್ಲ ಒಂದೇ ಕಡೆಗೆ ಬಾಗಿ ಹಾಗೆಯೇ ನಿಂತುಬಿಟ್ಟಿದೆ. ಆರು ವರ್ಷ ಒಂದೇ ತುಂಡನ್ನು ಎದುರು ಉಜ್ಜಿ ಉಜ್ಜಿ... ಬುದ್ಧಿ ಬಂದದ್ದು ಬಟ್ಟೆಗಲ್ಲ, ಬ್ರಷ್ಷಿಗೆ. ಬೆರಳಿನಿಂದ ನೆಟ್ಟಗೆ ಮಾಡಲು ನೋಡಿದೆ. ಮತ್ತೆ ಅದೇ ಕಡೆಗೆ ಮಲಗಿತು. ವಾಪಸು ಡ್ರಾಯರಿನಲ್ಲಿಟ್ಟೆ.

ಐದನೆಯ ಭಾನುವಾರ ನಾನು ಹೋಗಬೇಕಿತ್ತು.